ಕಾರ್ಯವಿಧಾನ-ಭಾಷೆಗಳ ಸಂಯೋಜನೆ: ಒಂದು ಪರಾಮರ್ಶೆ

ಕಚೇರಿಯ ಕೆಲಸವು ಯಾವ ಹಂತದಿಂದ ಯಾವ ಹಂತಕ್ಕೆ ಸಾಗಬೇಕೆಂಬುದನ್ನು ಗಣಕಯಂತ್ರಕ್ಕೆ ತಿಳಿಸುವ ಸಂಕೇತಗಳಿಗೆ ಕಾರ್ಯವಿಧಾನ-ಭಾಷೆಗಳೆಂದು ಹೆಸರಿಡಬಹುದು. ಇವುಗಳಲ್ಲಿ ಬಿಪೆಲ್ ಎಂಬುದರ 2ನೆಯ ಆವೃತ್ತಿಯು 2007ರಲ್ಲಿಯೂ, ಬಿಪಿಎಂಎನ್ ಎಂಬುದರ 2ನೆಯ ಆವೃತ್ತಿಯು 2011ರಲ್ಲಿಯೂ ಪ್ರಕಟವಾದವು. ಮೊದಲನೆಯದು ಪೆಟ್ಟಿಗೆಯೊಳಗೆ ಪೆಟ್ಟಿಗೆಯನ್ನಿಟ್ಟಂತೆ ಕಾರ್ಯಗಳನ್ನು ಜೋಡಿಸುವುದು. ಎರಡನೆಯದು ಬಾಣಗಳ ನಕ್ಷೆ, ಅದರ ಬಾಣವು ಹಿಂದಕ್ಕೂ ಹೊರಳಬಲ್ಲುದು. ಆದುದರಿಂದ ನಕ್ಷೆಯನ್ನು ಪೆಟ್ಟಿಗೆಗಳಿಗೆ ಪರಿವರ್ತಿಸುವ ಯತ್ನವು ಸರಳವಾದೆಡೆಯಲ್ಲಿ ಸಾಗಿ ಜಟಿಲವಾದೆಡೆಯಲ್ಲಿ ಎಡವಿತು. ಜೆಬಿಪಿಎಂ ರಚಿಸಿದವರು ಬೇರೊಂದು ಹಾದಿಯನ್ನು ಹಿಡಿದರು: ಭಾಷೆಗಳು ತಮ್ಮ ತಮ್ಮ ರೂಪದಲ್ಲಿಯೇ ಇರಲಿ, ಅವನ್ನು ನಡೆಸುವ ತಳಹದಿ ಮಾತ್ರ ಒಂದಾಗಲಿ ಎಂದು. ಇದೇ ಹೆಚ್ಚು ವಿವೇಕದ ಮಾರ್ಗವೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಆದರೆ ತಳಹದಿಯು ಒಂದಾದ ಮಾತ್ರಕ್ಕೆ ಅರ್ಥವೂ ಒಂದಾಯಿತೆಂದು ತಿಳಿದರೆ ಅದು ಸಾಧುವಲ್ಲ.

ಉದಾಹರಣೆಯನ್ನು ದೂರ ಹುಡುಕಬೇಕಿಲ್ಲ. ಕುಂದಗೋಳ ತಾಲೂಕಿನ ಕುಬಿಹಾಳದಲ್ಲಿ ರೈತನೊಬ್ಬನು ತನ್ನ ಹೊಲದ ಅರ್ಧವನ್ನು ಮಾರುವನೆಂದಿಟ್ಟುಕೊಳ್ಳೋಣ. ಮೊದಲು ಭೂಮಾಪನದವರ 11ಇ ನಕ್ಷೆ, ಬಳಿಕ ಖರೀದಿ ಪತ್ರದ ನೋಂದಣಿ, ತರುವಾಯ ಕಂದಾಯ ಇಲಾಖೆಯಲ್ಲಿ ಹಕ್ಕು ಬದಲಾವಣೆ. ಮೋಜಿಣಿ, ಕಾವೇರಿ, ಭೂಮಿ ಎಂಬ ಮೂರು ತಂತ್ರಾಂಶಗಳು ಈ ಮೂರನ್ನು ನಡೆಸುವುವು. ಅವುಗಳ ಬರವಣಿಗೆ ಯಾವ ಸಂಕೇತದಲ್ಲಿದ್ದರೂ ಒಂದೊಂದು ತನ್ನ ಇಲಾಖೆಯ ನುಡಿಯನ್ನೇ ಆಡುವುದು. ನೋಂದಣಿಯಾದೊಡನೆ ಕಾವೇರಿಯಿಂದ ಭೂಮಿಗೆ ಜೆ ಸ್ಲಿಪ್ ತಾನಾಗಿ ಹೋಗುವ ಏರ್ಪಾಡು ಶ್ಲಾಘ್ಯವಾದುದು. ಕಾಗದವನ್ನು ಹಿಡಿದು ತಲಾಟಿಯನ್ನು ಹುಡುಕುವ ಅಲೆದಾಟವು ಅಷ್ಟರಮಟ್ಟಿಗೆ ತಗ್ಗಿತು.

ಆದರೆ ನೋಂದಣಿಯ ಭಾಷೆಯಲ್ಲಿ 'ಮುಗಿಯಿತು' ಎಂಬುದೇ ಕಂದಾಯದ ಭಾಷೆಯಲ್ಲಿ 'ಆರಂಭವಾಯಿತು' ಎಂಬುದಾಗಿದೆ. 1964ರ ಭೂಕಂದಾಯ ಕಾಯಿದೆಯ 129ನೆಯ ಕಲಮಿನಂತೆ ತಕರಾರಿಗೆ ಅವಕಾಶವಿರಲೇಬೇಕು. ತಕರಾರು ಎದ್ದು ಬದಲಾವಣೆಯು ತಿರಸ್ಕೃತವಾದರೂ ನೋಂದಾಯಿತ ಪತ್ರವು ಅಷ್ಟರಿಂದಲೇ ರದ್ದಾಗುವುದಿಲ್ಲ. ಕೊಂಡವನ ಕೈಯಲ್ಲಿ ಪತ್ರ, ಮಾರಿದವನ ಹೆಸರಿನಲ್ಲಿ ಉತಾರ! ಬೆಳೆಸಾಲಕ್ಕೆ ಹೋದರೆ ಬ್ಯಾಂಕಿನವರು ಕೇಳುವುದು ಉತಾರವನ್ನೇ. ಈ ಇಬ್ಬಂದಿಗೆ ಕಂದಾಯದ ಭಾಷೆಯಲ್ಲಿ ಹೆಸರುಂಟು. ನೋಂದಣಿಯ ಭಾಷೆಯಲ್ಲಿ ಅದು ಎಂದೋ ಮುಗಿದ ಕೆಲಸ. ಹೋಗುವ ಬಾಣಕ್ಕೆ ನೆಲೆಯಿದೆ, ಮರಳುವ ಬಾಣಕ್ಕೆ ಇಳಿಯುವ ತಾಣವಿಲ್ಲ.

ಹಾಗಾದರೆ ಎಲ್ಲಕ್ಕೂ ಒಂದೇ ಭಾಷೆಯನ್ನು ವಿಧಿಸಬಾರದೇಕೆ ಎಂದು ಕೆಲವರು ಕೇಳಬಹುದು. ನೋಂದಣಿಯು ಮುಗಿದೊಡನೆ ಹಕ್ಕೂ ಬದಲಾಯಿತೆಂದು ಬರೆದುಬಿಟ್ಟರೆ ಯಂತ್ರಕ್ಕೆ ಸುಲಭವಾಗುವುದು ನಿಜ. ಆದರೆ ಆ ಹೊಲದಲ್ಲಿ ಪಾಲುಳ್ಳ ಸಹೋದರಿಯು ತಕರಾರನ್ನು ಹೇಳಿಕೊಳ್ಳುವ ಹಂತವೇ ಅಳಿಸಿಹೋಗುವುದು. ಸಂಯೋಜಕರು ಮೊದಲು ಮಾಡಬೇಕಾದುದು ಮೂರು ಭಾಷೆಗಳ ಸ್ಥಿತಿಗಳನ್ನೂ ಎದುರೆದುರಾಗಿ ಬರೆದು, ಎಲ್ಲೆಲ್ಲಿ ಒಂದಕ್ಕೆ ಇನ್ನೊಂದರಲ್ಲಿ ಹೆಸರಿಲ್ಲವೋ ಅಲ್ಲಲ್ಲಿ ಹೆಸರಿಡುವುದು; ತಂತಿ ಕೂಡಿಸುವ ಕೆಲಸವು ಅದರ ಅನಂತರದ್ದು.