ಹಾಲು, ಪಾಲ್, ಆಲು

ಟಿ. ನರಸೀಪುರ ಸೀಮೆಯ ನಮ್ಮ ಮೂಗೂರಿಗೆ ಹತ್ತಿರದ ಕೊಳ್ಳೇಗಾಲ 1956ರ ನವೆಂಬರ್ 1ರವರೆಗೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಈ ಸೀಮೆಯ ಕಿವಿಗೆ ತಮಿಳು ಪರದೇಶಿಯಲ್ಲ. ಕನ್ನಡ, ತಮಿಳು ಎರಡನ್ನೂ ಪಕ್ಕಪಕ್ಕ ಕೇಳುವ ಸುಖವೇ ಬೇರೆ. ತಮಿಳರ ‘ಪಾಲ್’ ನಮ್ಮ ಹಾಲು. ಹಳಗನ್ನಡದಲ್ಲಿ ನಾವೂ ‘ಪಾಲ್’ ಎನ್ನುತ್ತಿದ್ದೆವು. ಸುಮಾರು ಹತ್ತನೇ ಶತಮಾನದಿಂದೀಚೆಗೆ ಪಕಾರ ಹಕಾರವಾಗುತ್ತ ಬಂತು. ಟಿ. ನರಸೀಪುರದ ಹಳ್ಳಿಗಳಲ್ಲಿ ಆ ಹಕಾರವೂ ಉದುರಿ ‘ಆಲು’ ಆಗಿದೆ. ಅದನ್ನು ಅಶುದ್ಧ ಎನ್ನುವವರನ್ನು ನಾನು ಒಪ್ಪಲಾರೆ; ಅದು ಅದೇ ದಾರಿಯ ಮುಂದಿನ ಹೆಜ್ಜೆ. ಹಳತನ್ನು ಉಳಿಸಿದ್ದು ತಮಿಳೊಂದೇ ಅಂದುಕೊಳ್ಳಬೇಡಿ. ನಮ್ಮ ‘ಕಿವಿ’ ಅಲ್ಲಿ ‘ಚೆವಿ’. ಇಲ್ಲಿ ಹಳೆಯ ಕಕಾರ ಕಾಪಾಡಿದವರು ನಾವು.

ಕನ್ನಡ, ತಮಿಳು ಒಡಹುಟ್ಟಿದ ನುಡಿಗಳು. ಆದರೆ ಹೋಲಿಕೆಗೆ ಒಡಹುಟ್ಟೇ ಬೇಕೆಂದಿಲ್ಲ: ಕ್ಯಾಂಟನೀಸ್, ವಿಯೆಟ್ನಾಮೀಸ್ ಒಡಹುಟ್ಟಿದವಲ್ಲ. ಮೊದಲನೆಯದು ಚೀನೀ ನುಡಿ, ಎರಡನೆಯದು ಆಸ್ಟ್ರೋಏಷ್ಯಾಟಿಕ್ ಕುಟುಂಬದ್ದು. ಆದರೂ ಎರಡರಲ್ಲೂ ಸ್ವರದ ಏರಿಳಿತ ಬದಲಾದರೆ ಅರ್ಥವೇ ಬದಲು. ಕಲಿಯುವುದು ಎಂಬ ಅರ್ಥದ ಪದ ಹಾಂಗ್‌ಕಾಂಗ್‌ನಲ್ಲೂ ಹನೋಯ್‌ನಲ್ಲೂ ಹೆಚ್ಚುಕಡಿಮೆ ‘ಹೋಕ್’ ಎಂದೇ ಕೇಳಿಸುತ್ತದೆ. ಆ ಪದವನ್ನು ವಿಯೆಟ್ನಾಮೀಸ್ ಬಹಳ ಹಿಂದೆಯೇ ಚೀನೀ ಭಾಷೆಯಿಂದ ಪಡೆದದ್ದು, ನಾವು ಸಂಸ್ಕೃತದಿಂದ ‘ವಿದ್ಯೆ’ ಪಡೆದ ಹಾಗೆ.