ಕೆಡವುವ ಮುನ್ನ ಅಳೆಯಿರಿ

1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸನ ಸೈನ್ಯದ ವಶವಾದ ಬೆಂಗಳೂರು ಕೋಟೆ ಹೇಗಿತ್ತು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟವಲ್ಲ. ಆ ಸೈನ್ಯದ ಬೆನ್ನಿಗೇ ಬಂದ ಚಿತ್ರಕಾರ ರಾಬರ್ಟ್ ಹೋಮ್ ಮೈಸೂರು ಸೀಮೆಯ ಕೋಟೆಗಳನ್ನು, ಬೆಟ್ಟಗಳನ್ನು ಬರೆದುಕೊಂಡು ಹೋಗಿ 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಮಾಡಿದ. ಮುತ್ತಿಗೆಗೆಂದು ಬಂದ ಎಂಜಿನಿಯರುಗಳು ಕೋಟೆಯ ಸುತ್ತಳತೆ, ಕೊತ್ತಲಗಳು, ಕಂದಕ ಎಲ್ಲವನ್ನೂ ನಕ್ಷೆಗಿಳಿಸಿದರು. ಮುಂದಿನ ದಶಕಗಳಲ್ಲಿ ರಸ್ತೆಗೆ, ಆಸ್ಪತ್ರೆಗೆ, ಮಾರುಕಟ್ಟೆಗೆ ಎಂದು ಕೋಟೆ ಕರಗಿ ಇಂದು ಕೆ.ಆರ್. ಮಾರುಕಟ್ಟೆಯ ಬಳಿ ಒಂದು ಬಾಗಿಲು, ಸ್ವಲ್ಪ ಗೋಡೆ ಮಾತ್ರ ನಿಂತಿದೆ. ಆದರೂ ಇಡೀ ಕೋಟೆಯನ್ನು ಕಾಗದದ ಮೇಲೆ ಮತ್ತೆ ನಿಲ್ಲಿಸಲು ಸಾಕಾಗುವಷ್ಟು ಆಧಾರ ನಮ್ಮ ಬಳಿ ಇದೆ. ಈಗ ಇನ್ನೊಂದು ಪ್ರಶ್ನೆ. ರೆಸಿಡೆನ್ಸಿ ರಸ್ತೆಯಲ್ಲಿ ದೊಡ್ಡ ಮರಗಳ ನಡುವೆ ಇದ್ದ ವಿಕ್ಟೋರಿಯಾ ಹೋಟೆಲ್ ಹೋಗಿ ಅಲ್ಲಿ ಮಾಲ್ ಎದ್ದದ್ದು ಈ ಶತಮಾನದಲ್ಲೇ, ನಮ್ಮ ಕಣ್ಣೆದುರೇ. ಅದರ ಹಜಾರದ ಅಗಲ ಎಷ್ಟಿತ್ತು, ಮಾಡಿನ ಮರ ಯಾವುದು, ಹಿಂಬದಿಯಲ್ಲಿ ಏನೇನಿತ್ತು ಎಂದು ತಿಳಿಯಬೇಕಾದರೆ ಯಾವ ಕಚೇರಿಗೆ ಹೋಗಿ ಯಾರನ್ನು ಕೇಳಬೇಕು? ಇನ್ನೂರು ವರ್ಷದ ಹಿಂದೆ ಕೋಟೆಗೆ ಗುಂಡು ಹೊಡೆಯಲು ಬಂದ ಶತ್ರು ಅದನ್ನು ಅಳೆದುಕೊಂಡ. ನಮ್ಮದೇ ಊರನ್ನು ನಾವೇ ಕೆಡವುವಾಗ ಅಳತೆಪಟ್ಟಿ ಹಿಡಿಯುವವರಿಲ್ಲ. ಬೆಂಗಳೂರಿನ ದಂಡು ಪ್ರದೇಶದ ಕಟ್ಟಡಗಳ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದು: ಎಲ್ಲವನ್ನೂ ಉಳಿಸಲಾಗದು, ಆದರೆ ಅಳೆಯದೆ, ಬರೆದಿಡದೆ ಒಂದನ್ನೂ ಕೆಡವಬಾರದು.

ದಂಡು ಹುಟ್ಟಿದ ಬಗೆಯನ್ನು ಚುಟುಕಾಗಿ ನೆನೆಯಬಹುದು. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಪಡೆಗಳು ಅಲ್ಲಿಯ ಜ್ವರಕ್ಕೆ ಹೈರಾಣಾದವು. 1809ರಲ್ಲಿ ಅವು ಬೆಂಗಳೂರು ಪೇಟೆಯ ಪೂರ್ವಕ್ಕೆ, ಹಲಸೂರಿನ ಬಯಲಿಗೆ ಬಂದವು. ಪರೇಡ್ ಮೈದಾನದ ಸುತ್ತ ಬ್ಯಾರಕ್ಕುಗಳು, ಚರ್ಚುಗಳು, ಬಂಗಲೆಗಳು ಎದ್ದವು. 1864ರಲ್ಲಿ ಮದರಾಸಿನ ಕಡೆಯಿಂದ ಬಂದ ರೈಲು ನಿಂತದ್ದು ಮೊದಲು ದಂಡಿನಲ್ಲೇ. 1881ರಲ್ಲಿ ಮೈಸೂರು ಸಂಸ್ಥಾನ ಒಡೆಯರ ಕೈಗೆ ಮರಳಿದರೂ ದಂಡು ಮರಳಲಿಲ್ಲ. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನಲ್ಲಿ ಅದು 1947ರವರೆಗೂ ರೆಸಿಡೆಂಟರ ಆಡಳಿತದಲ್ಲಿತ್ತು. ಒಂದೇ ಊರಿಗೆ ಎರಡು ಪುರಸಭೆ, ಎರಡು ಆಡಳಿತ. ಎರಡೂ ಒಂದಾಗಿ ನಗರಪಾಲಿಕೆಯಾದದ್ದು 1949ರಲ್ಲಿ. ಇದನ್ನು ಹೇಳುವುದಕ್ಕೆ ಕಾರಣವಿದೆ. ದಂಡಿನ ಚರಿತ್ರೆ ಕನ್ನಡದಲ್ಲಿ ಬರೆಯಲ್ಪಟ್ಟದ್ದು ಕಡಿಮೆ, ಏಕೆಂದರೆ ಪೇಟೆಯ ಕನ್ನಡ ಓದುಗನಿಗೆ ಅದು ಬಹುಕಾಲ ಪರರ ಊರಾಗಿತ್ತು. ಕಥೆ ತಿಳಿಯದ ಕಟ್ಟಡ ಬಿದ್ದರೆ ದನಿ ಎತ್ತುವವರೂ ಇರುವುದಿಲ್ಲ.

ಬಿದ್ದವುಗಳ ಪಟ್ಟಿಯನ್ನು ಬೆಳೆಸುವುದು ಸುಲಭ. 1936ರಲ್ಲಿ ಆರಂಭವಾದ ಎಂ.ಜಿ. ರಸ್ತೆಯ ಪ್ಲಾಜಾ ಇಲ್ಲ, ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಗೆ ಬಾಗಿಲು ಮುಚ್ಚಿತು. ಚಿತ್ರಮಂದಿರಗಳಿಗಾದರೂ ನೋಡಿದವರ ನೆನಪುಗಳಿವೆ, ಅವುಗಳ ಬಗ್ಗೆ ಜನ ಬರೆಯುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಬಂಗಲೆಗಳು. ರಿಚ್‌ಮಂಡ್ ಟೌನ್, ಲ್ಯಾಂಗ್‌ಫರ್ಡ್ ಟೌನ್, ಫ್ರೇಜರ್ ಟೌನ್, ಕಾಕ್ಸ್ ಟೌನ್ ಕಡೆಗಳಲ್ಲಿ ಹೆಸರಿಲ್ಲದ ಮೇಸ್ತ್ರಿಗಳು ಕಟ್ಟಿದ ಈ ಮನೆಗಳು ಬೇರೆಲ್ಲೂ ಇದೇ ರೂಪದಲ್ಲಿ ಸಿಗುವುದಿಲ್ಲ. ಕಿಟಕಿಯ ಮೇಲೆ ಚೂಪಾಗಿ ಏರಿ ಮುಂಚಾಚಿದ, ಸಣ್ಣ ಮರದ ಪಟ್ಟಿಗಳನ್ನು ಸಾಲಾಗಿ ಇಳಿಬಿಟ್ಟ ಮಂಕಿ ಟಾಪ್ ಈ ಊರಿನ ಗುರುತು. ಬಿಸಿಲನ್ನು ತಡೆದು ಗಾಳಿಯನ್ನು ಬಿಡುವ ಆ ಮರಗೆಲಸ, ಹೆಂಚಿನ ಇಳಿಜಾರು, ಆಳವಾದ ವರಾಂಡ, ಎತ್ತರದ ಚಾವಣಿಗೆ ಹತ್ತಿರ ಇಟ್ಟ ಸಣ್ಣ ಗವಾಕ್ಷಿ ಇವೆಲ್ಲ ಇಲ್ಲಿಯ ಹವೆಗೆಂದೇ ಹೊಂದಿಸಿದ ಲೆಕ್ಕಾಚಾರ. ಸಮತಟ್ಟಾದ ಕಡೆ ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ಅಡ್ಡಕ್ಕೆ ನಿಲ್ಲಿಸಿ, ಓರೆಯಾಗಿ ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಮತ್ತೆ ಗಾರೆ ಬಡಿದು ಮಾಡಿದ್ದು. ಹೆಂಚುಗಳ ಕಥೆಯೂ ನಮ್ಮ ನಾಡಿನದೇ; ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮ ಘಟ್ಟದ ಮೇಲಿನ ಮಾಡುಗಳ ನೋಟವನ್ನೇ ಬದಲಿಸಿತು. ಈ ಮನೆಗಳ ಮುಂಭಾಗವನ್ನು ಮೆಚ್ಚಿ ಚಿತ್ರ ತೆಗೆಯುವವರಿದ್ದಾರೆ. ಹಿಂಭಾಗವನ್ನು ನೋಡುವವರು ವಿರಳ. ಮನೆಗೆ ಅಂಟದೆ ದೂರವಿಟ್ಟ ಅಡುಗೆಮನೆ, ಬಾವಿ, ಕುದುರೆ ಲಾಯ, ಅದರ ಪಕ್ಕದಲ್ಲಿ ಆಳುಗಳ ಸಾಲು ಕೋಣೆಗಳು. ಯಾರು ಎಷ್ಟು ಜಾಗದಲ್ಲಿ ಬದುಕಿದರು, ಮಾಲಿ, ಬಟ್ಲರ್, ಆಯಾ ಎಲ್ಲಿ ಮಲಗುತ್ತಿದ್ದರು ಎಂಬ ಸಾಮಾಜಿಕ ಚರಿತ್ರೆ ಇರುವುದು ಅಲ್ಲಿ. ಮುಂಭಾಗ ಉಳಿದ ಕಡೆಯೂ ಮೊದಲು ನೆಲಸಮವಾಗುವುದು ಈ ಸಾಲುಕೋಣೆಗಳೇ.

ದಾಖಲೆಯ ಬೆಲೆ ಏನೆಂದು ತೋರಿಸಿದ ಕೆಲವರು ಇದ್ದರು. ಜಾನೆಟ್ ಪಾಟ್ 1977ರಲ್ಲಿ ಸಂಗಡಿಗರ ನೆರವಿನಿಂದ ಬೆಂಗಳೂರಿನ ಹಳೆಯ ಬಂಗಲೆಗಳ ಮೇಲೆ ಒಂದು ಪುಸ್ತಕ ತಂದರು. 1988ರಲ್ಲಿ ಬೆಂಗಳೂರು ನಗರ ಕಲಾ ಆಯೋಗ ಟಿ.ಪಿ. ಇಸ್ಸಾರ್ ಅವರ ದೊಡ್ಡ ಚಿತ್ರಗ್ರಂಥವನ್ನು ಪ್ರಕಟಿಸಿತು. ಇವೆರಡನ್ನು ಹಿಡಿದು ಇಂದು ಬೀದಿ ಸುತ್ತಿದರೆ ಪುಟಕ್ಕೂ ಜಾಗಕ್ಕೂ ತಾಳೆಯಾಗದ ಕಡೆಗಳೇ ಹೆಚ್ಚು. ಆ ಕಟ್ಟಡಗಳು ಒಮ್ಮೆ ಇದ್ದವು, ಹೀಗಿದ್ದವು ಎಂದು ನಾವು ಖಚಿತವಾಗಿ ಹೇಳಬಲ್ಲೆವಾದರೆ ಅದಕ್ಕೆ ಈ ಪುಸ್ತಕಗಳೇ ಸಾಕ್ಷಿ. ನಗರ ಕಲಾ ಆಯೋಗವನ್ನು ಆಮೇಲೆ ಸರ್ಕಾರವೇ ಮುಚ್ಚಿತು. ಅದು ಈ ನಗರ ತನಗೆ ತಾನೇ ಮಾಡಿಕೊಂಡ ದೊಡ್ಡ ಅನ್ಯಾಯಗಳಲ್ಲಿ ಒಂದು ಎಂದೇ ನನ್ನ ಭಾವನೆ.

ಆದರೆ ಇಲ್ಲಿ ಅನುಸರಿಸಬೇಕಾದ ಮೇಲ್ಪಂಕ್ತಿಗೆ ನಾವು ಹೊರಗೆ ಹುಡುಕಬೇಕಿಲ್ಲ. ಬೆಂಗಳೂರಿನಲ್ಲೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಮೈಸೂರು ಸೀಮೆಯ ಹಳ್ಳಿಹಳ್ಳಿಗಳ ಕಲ್ಲುಗಳನ್ನು ಓದಿಸಿ, ನಕಲು ಮಾಡಿಸಿ, ಸುಮಾರು 9 ಸಾವಿರ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅದರ ಒಂಬತ್ತನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಈಗ ಜಾಗದಲ್ಲಿಲ್ಲ. ಮನೆ ಪಾಯಕ್ಕೆ, ರಸ್ತೆಗೆ ಹೋಗಿವೆ. ಪಾಠ ಮಾತ್ರ ಉಳಿದಿದೆ, ಆ ಪಾಠದ ಮೇಲೆಯೇ ಬೆಂಗಳೂರಿನ ಕೆಂಪೇಗೌಡಪೂರ್ವ ಚರಿತ್ರೆಯ ಬಹುಭಾಗ ನಿಂತಿದೆ. ಉಳಿದಿರುವ ಶಾಸನಗಳನ್ನು ಮಿಥಿಕ್ ಸೊಸೈಟಿ ಈಗ ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ಅಕ್ಷರದ ಸವೆತವೂ ಕಾಣುವಂತೆ ದಾಖಲಿಸುತ್ತಿದೆ. ಕಲ್ಲಿಗೆ ಮಾಡಿದ್ದನ್ನು ಕಟ್ಟಡಕ್ಕೂ ಮಾಡಬಹುದು. ಹೊಸ ಮನೆ ಕಟ್ಟುವವರು ಪಾಲಿಕೆಗೆ ಹೊಸ ಕಟ್ಟಡದ ನಕ್ಷೆಯನ್ನು ಹೇಗೂ ಕೊಡುತ್ತಾರೆ. ಆ ಜಾಗದಲ್ಲಿ ಎಪ್ಪತ್ತೈದು ವರ್ಷ ಮೀರಿದ ಕಟ್ಟಡವಿದ್ದರೆ, ಅದರ ಅಳತೆ ಸಹಿತ ನಕ್ಷೆಯನ್ನೂ ಒಳಹೊರಗಿನ ಛಾಯಾಚಿತ್ರಗಳನ್ನೂ ಅದೇ ಕಡತಕ್ಕೆ ಸೇರಿಸಬೇಕು, ಅವು ಸಾರ್ವಜನಿಕರಿಗೆ ಸಿಗಬೇಕು. ಕೇಳುತ್ತಿರುವುದು ಇಷ್ಟು ಮಾತ್ರ. ಬರೀ ಫೋಟೊ ಸಾಲದೇ ಎನ್ನುವವರಿಗೆ ಹೇಳುವುದು: ಫೋಟೊ ಮುಖವನ್ನು ತೋರಿಸುತ್ತದೆ, ಗೋಡೆಯ ದಪ್ಪವನ್ನಾಗಲಿ ತಾರಸಿಯ ಪದರಗಳನ್ನಾಗಲಿ ತೋರಿಸುವುದಿಲ್ಲ. ಉಳಿದ ಇನ್ನೊಂದು ಮನೆಯನ್ನು ನಾಳೆ ದುರಸ್ತಿ ಮಾಡುವ ಮೇಸ್ತ್ರಿಗೆ ಬೇಕಾಗುವುದು ಆ ಎರಡನೆಯ ವಿವರ.

ಇದಕ್ಕೆ ಬರುವ ಮೊದಲ ಆಕ್ಷೇಪ ಗುಲಾಮಗಿರಿಯ ಗುರುತುಗಳನ್ನು ಯಾಕೆ ಕಾಪಾಡಬೇಕು ಎಂಬುದು. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 1791ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷರ ನೆನಪಿಗೆ ಪಾಲಿಕೆ ಕಚೇರಿಯ ಬಳಿ ಒಂದು ಸ್ಮಾರಕ ಸ್ತಂಭವಿತ್ತು, ಆ ರಸ್ತೆಗೇ ಸೆನೊಟಾಫ್ ರಸ್ತೆ ಎಂದು ಹೆಸರಿತ್ತು. 1964ರಲ್ಲಿ ಸ್ತಂಭವನ್ನು ಕೆಡವಲಾಯಿತು, ಅಲ್ಲಿ ಈಗ ಕೆಂಪೇಗೌಡರ ಪ್ರತಿಮೆ ಇದೆ, ರಸ್ತೆ ನೃಪತುಂಗರ ಹೆಸರಿನದು. ಗೆದ್ದವನ ಸ್ಮಾರಕಕ್ಕೆ ಊರಿನ ಮಧ್ಯದಲ್ಲಿ ಗೌರವದ ಜಾಗ ಬೇಡ ಎಂದು ಸೋತವರ ಮಕ್ಕಳು ತೀರ್ಮಾನಿಸಿದರೆ ಅದು ಅವರ ಹಕ್ಕು. ಆದರೆ ಸ್ಮಾರಕ ಬೇರೆ, ಕಟ್ಟಡ ಬೇರೆ. 1799ರ ಒಪ್ಪಂದದ ಪ್ರಕಾರ ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 24.5 ಲಕ್ಷ ರೂಪಾಯಿ ಕಪ್ಪ ಕೊಡಬೇಕಿತ್ತು. ದಂಡಿನ ಪಡೆಗಳು ನಿಂತದ್ದು ಆ ಹಣದ ಬಲದ ಮೇಲೆ. ಎಂಜಿನಿಯರ್ ಸ್ಯಾಂಕಿ ವಿನ್ಯಾಸ ಮಾಡಿದ, 1868ರಲ್ಲಿ ಮುಗಿದ ಅಠಾರ ಕಚೇರಿ ಮೈಸೂರಿನ ಕಂದಾಯದಿಂದ ಎದ್ದದ್ದು. ಅದರ ಗುತ್ತಿಗೆ ಹಿಡಿದವರು ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರ್. 1873ರಲ್ಲಿ ದಂಡಿನ ಬಡ ಮಕ್ಕಳಿಗೆ ಶಾಲೆ ತೆರೆದವರೂ ಅವರೇ. ಕಲ್ಲು ಕಡಿದವರು, ಸುಣ್ಣ ಅರೆದವರು, ತೊಲೆ ಕೆತ್ತಿದವರು ಕನ್ನಡ, ತಮಿಳು, ತೆಲುಗು, ದಖ್ಖನಿ ಮಾತಾಡುತ್ತಿದ್ದ ಜನ. ರೈತನ ದುಡ್ಡು, ಇಲ್ಲಿಯ ಜನರ ಕೈ, ಇಲ್ಲಿಯ ಕಲ್ಲು ಸೇರಿ ಎದ್ದುದನ್ನು ಅದರಲ್ಲಿ ಕೆಲಕಾಲ ವಾಸ ಮಾಡಿದ ದೊರೆಯ ಖಾತೆಗೆ ಬರೆದುಬಿಡುವುದು ಕಟ್ಟಿದವರಿಗೆ ಮಾಡುವ ಎರಡನೆಯ ಅನ್ಯಾಯ. ಇನ್ನು ಗುಲಾಮಗಿರಿ ಹೇಗಿತ್ತೆಂದು ಮುಂದಿನವರಿಗೆ ತಿಳಿಯಬೇಕಾದರೆ ಆ ಸಾಲುಕೋಣೆಗಳ ಅಳತೆಗಿಂತ ಗಟ್ಟಿ ಸಾಕ್ಷಿ ಇನ್ನೇನಿದೆ?

ಎರಡನೆಯ ಆಕ್ಷೇಪ ಆಸ್ತಿಯ ಹಕ್ಕಿನದು. ಬೆಳೆಯುವ ಊರು ವಸ್ತುಸಂಗ್ರಹಾಲಯವಾಗಿ ಇರಲಾರದು, ಅಣ್ಣತಮ್ಮಂದಿರ ನಡುವೆ ಪಾಲಾಗಬೇಕಾದ ಅರ್ಧ ಎಕರೆಯ ಮೇಲೆ ಒಂದೇ ಹಳೇ ಮನೆ ನಿಲ್ಲಿಸಿಕೊಂಡು ಕೂರಿ ಎಂದು ಯಾರಿಗೂ ಹೇಳಲಾಗದು. ಒಪ್ಪಿದೆ. ಅದಕ್ಕಾಗಿಯೇ ನಾನು ನಿಷೇಧವನ್ನು ಕೇಳುತ್ತಿಲ್ಲ. ಮುಂಬೈ 1995ರಲ್ಲೇ ಪಾರಂಪರಿಕ ಕಟ್ಟಡಗಳಿಗೆ ನಿಯಮಾವಳಿ ಮಾಡಿತು. ಕಟ್ಟಡ ಉಳಿಸಿಕೊಂಡ ಮಾಲೀಕರು ಅಭಿವೃದ್ಧಿ ಹಕ್ಕನ್ನು ಬೇರೆಡೆಗೆ ವರ್ಗಾಯಿಸಿ ನಷ್ಟ ತುಂಬಿಕೊಳ್ಳುವ ದಾರಿಯನ್ನೂ ತೋರಿಸಿತು. ಆ ಹಾದಿ ನಮಗೂ ಬೇಕು, ಆದರೆ ಅದು ಬರುವವರೆಗೆ ಕಾಯಬೇಕಿಲ್ಲ. ಅಲ್ಲದೆ ಖಾಸಗಿ ಮಾಲೀಕರನ್ನು ದೂರುವ ಮೊದಲು ಸರ್ಕಾರದ ನಡತೆಯನ್ನು ನೋಡಬೇಕು. 2017ರ ನವೆಂಬರಿನಲ್ಲಿ ನೆಲಸಮವಾದ ಕ್ರುಂಬಿಗಲ್ ಸಭಾಂಗಣ ಲಾಲ್‌ಬಾಗಿನೊಳಗೆ ಇತ್ತು. ಅಲ್ಲಿ ಪಾಲು ಕೇಳುವ ಅಣ್ಣತಮ್ಮಂದಿರೂ ಇರಲಿಲ್ಲ, ಮಾಲ್ ಕಟ್ಟುವವರೂ ಇರಲಿಲ್ಲ. ಇದ್ದದ್ದು ವರ್ಷಗಟ್ಟಲೆ ದುರಸ್ತಿ ಕಾಣದ ಮಾಡು ಮಾತ್ರ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಸಂರಕ್ಷಣೆಯ ಪರ ಇರುವವರದೇ. ದಾಖಲೆ ಮಾಡಿದರೆ ಸಾಕು ಎಂದರೆ ಅದೇ ಕೆಡವಲು ಪರವಾನಗಿಯಾಗುತ್ತದೆ, ನಕ್ಷೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ ಎಂಬ ಅವರ ಭಯ ನಿರಾಧಾರವಲ್ಲ. ಆದರೆ ಇಂದಿನ ಸ್ಥಿತಿಯಲ್ಲಿ ಕಟ್ಟಡವೂ ಇಲ್ಲ, ನಕ್ಷೆಯೂ ಇಲ್ಲ. ತಿಳಿದ ಕಟ್ಟಡಕ್ಕೆ ಕಾವಲುಗಾರರು ಹುಟ್ಟುತ್ತಾರೆ ಎಂಬುದಕ್ಕೆ ನಿದರ್ಶನವೂ ಇದೆ. 1980ರ ದಶಕದಲ್ಲಿ ಅಠಾರ ಕಚೇರಿಯನ್ನೇ ಕೆಡವುವ ಹವಣಿಕೆ ನಡೆದಾಗ ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅದು ಯಾವ ಕಟ್ಟಡ, ಅಲ್ಲಿ ಏನು ನಡೆಯಿತು, 1956ರವರೆಗೆ ಶಾಸನಸಭೆ ಎಲ್ಲಿ ಸೇರುತ್ತಿತ್ತು ಎಂಬುದು ಅವರಿಗೆ ಗೊತ್ತಿತ್ತು. ಕೆಂಪು ಬಣ್ಣದ ಆ ಉದ್ದನೆಯ ಕಟ್ಟಡ ಇಂದೂ ವಿಧಾನಸೌಧಕ್ಕೆ ಎದುರಾಗಿ ನಿಂತಿದೆ. ಬ್ರಿಗೇಡ್ ರಸ್ತೆಯ ಮೂಲೆಯ ಒಪೇರಾ ಹೌಸ್ ಪಾಳುಬಿದ್ದು, ಬಳಿಕ ದುರಸ್ತಿಯಾಗಿ 2018ರಲ್ಲಿ ಮೊಬೈಲ್ ಕಂಪನಿಯೊಂದರ ಮಳಿಗೆಯಾಗಿ ತೆರೆಯಿತು. ಅದರ ಒಳಗನ್ನು ಹೀಗೆ ಬಳಸಬೇಕಿತ್ತೇ ಎಂಬ ಚರ್ಚೆಗೆ ಅವಕಾಶವಿದೆ, ಆದರೆ ಗೋಡೆಗಳು ಇವೆ, ಚರ್ಚೆ ಸಾಧ್ಯವಿದೆ. ಹೆಸರಿಲ್ಲದ ಬಂಗಲೆಗೆ ಈ ಭಾಗ್ಯವಿಲ್ಲ. ಅದರ ಅಳತೆ ತೆಗೆಯಲು ಒಬ್ಬ ಹೋದರೆ, ಮಾಲೀಕರೂ ನೆರೆಯವರೂ ಅದನ್ನು ಮೊದಲ ಬಾರಿ ಕಣ್ಣಿಟ್ಟು ನೋಡುತ್ತಾರೆ. ಹಾಗೆ ನೋಡಿದ ಹತ್ತು ಮನೆಗಳಲ್ಲಿ ಎರಡು ಉಳಿದರೂ ನಷ್ಟವಲ್ಲ.

ವಾಸ್ತುಶಿಲ್ಪ ಕಾಲೇಜುಗಳಲ್ಲಿ ಅಳತೆ ನಕ್ಷೆ ಬರೆಯುವುದನ್ನು ವಿದ್ಯಾರ್ಥಿಗಳಿಗೆ ಕಲಿಸುತ್ತಾರೆ. ಆ ಅಭ್ಯಾಸಕ್ಕೆ ಹಂಪಿ, ಹಳೇಬೀಡಿಗೆ ಹೋಗುವಷ್ಟೇ ಶ್ರದ್ಧೆಯಿಂದ ಕಾಕ್ಸ್ ಟೌನಿಗೂ ಶಿವಾಜಿನಗರದ ಗಲ್ಲಿಗಳಿಗೂ ಹೋಗಲಿ. ಹಳೆಯ ಕಟ್ಟಡದ ಅಳತೆ ನಕ್ಷೆ ಕಡತಕ್ಕೆ ಸೇರಬೇಕೆಂಬ ಒಂದೇ ಒಂದು ವಾಕ್ಯವನ್ನು ಪಾಲಿಕೆ ತನ್ನ ಕಟ್ಟಡ ನಿಯಮಗಳಲ್ಲಿ ಸೇರಿಸಲಿ. ಇನ್ನು ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಹಳೆಯ ಕ್ರಯಪತ್ರ, ಬ್ಲೂಪ್ರಿಂಟ್, ಮನೆಯ ಮುಂದೆ ನಿಂತು ತೆಗೆಸಿದ ಮದುವೆಯ ಫೋಟೊ ಇದ್ದರೆ ಎಸೆಯಬೇಡಿ. ಸ್ಕ್ಯಾನ್ ಮಾಡಿಸಿ, ರಸ್ತೆಯ ಹೆಸರು ಮತ್ತು ಇಸವಿ ಬರೆದು, ನಿಮಗೆ ನಂಬಿಕೆಯಿರುವ ಗ್ರಂಥಾಲಯಕ್ಕೋ ಸಂಶೋಧನ ಸಂಸ್ಥೆಗೋ ಒಂದು ಪ್ರತಿ ಕೊಡಿ. ಮನೆ ಕೆಡವುವ ದಿನ ನಿಶ್ಚಯವಾಗಿದ್ದರೆ, ಅದಕ್ಕೆ ಒಂದು ವಾರ ಮೊದಲು ಒಬ್ಬ ವಿದ್ಯಾರ್ಥಿಯನ್ನು ಅಳತೆಪಟ್ಟಿಯೊಂದಿಗೆ ಒಳಗೆ ಬಿಡಿ.