ಆಹಾರವೂ ಸ್ಮೃತಿಭ್ರಂಶವೂ: ಮೈಸೂರಿನ ಒಂದು ಸಂಶೋಧನೆಯ ವಿಮರ್ಶೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಜೋಳದ ರೊಟ್ಟಿಗೆ ಪುಂಡೀಪಲ್ಯವು ಒಳ್ಳೆಯ ಜೊತೆ. ಪುಂಡಿಯು ಹುಳಿಯಾದ ಸೊಪ್ಪು. ಹುಳಿಯಾದುದನ್ನು ಅಲ್ಯುಮಿನಿಯಂ ಪಾತ್ರೆಯಲ್ಲಿ ಬೇಯಿಸಿದರೆ ಆ ಲೋಹವು ಕಿಂಚಿತ್ತಾಗಿ ಆಹಾರಕ್ಕೆ ಇಳಿಯುವುದು ಪರೀಕ್ಷೆಯಿಂದ ಸಿದ್ಧವಾದ ವಿಷಯ. ಆ ಲೋಹವೇ ವೃದ್ಧರ ನೆನಪನ್ನು ಕೆಡಿಸುವುದೆಂಬ ಮಾತು ಲೋಕದಲ್ಲಿ ಬಹುಕಾಲದಿಂದ ಹರಡಿದೆ. ಮಾತು ದಿಟವಾದರೆ ಪಾತ್ರೆಯನ್ನು ಬಿಡಬೇಕು. ದಿಟವಲ್ಲದಿದ್ದರೆ ಅತ್ತೆಯ ಮರೆವಿಗೆ ಸೊಸೆಯ ಅಡಿಗೆಯನ್ನು ದೂರುವುದು ಅನ್ಯಾಯವಾಗುವುದು. ಆದುದರಿಂದ ಇದು ವಿಚಾರಾರ್ಹವಾದುದು.

ಈ ವಿಷಯದಲ್ಲಿ ಕನ್ನಡ ನಾಡಿನಲ್ಲಿಯೇ ನಡೆದ ಕೆಲಸವು ಗಮನಾರ್ಹವಾಗಿದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿದ್ದ ಡಾ. ಕೆ. ಎಸ್. ಜಗನ್ನಾಥ ರಾವ್ ಅವರು ಸಂಗಡಿಗರೊಡನೆ 2002ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅಲ್ಜೈಮರ್ ರೋಗದಿಂದ ಮೃತರಾದವರ ಮೆದುಳಿನಲ್ಲಿ, ಸ್ಮೃತಿಗೆ ಆಶ್ರಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ಡಿಎನ್‌ಎ ತಂತುವನ್ನು ಅವರು ಪರೀಕ್ಷಿಸಿದರು. ಸ್ವಸ್ಥರಲ್ಲಿ ಈ ತಂತುವು ಬಲಕ್ಕೆ ಸುತ್ತಿಕೊಂಡಿರುವುದು. ರೋಗವು ತೀವ್ರವಾಗಿದ್ದವರಲ್ಲಿ ಅದು ಎಡಸುತ್ತಿನದಾಗಿಯೂ, ಮಧ್ಯಮವಾಗಿದ್ದವರಲ್ಲಿ ಎರಡರ ನಡುವಣ ರೂಪದಲ್ಲಿಯೂ ಕಂಡಿತೆಂದು ಅವರ ಪ್ರತಿಪಾದನೆ. ಈ ವಿಕಾರಕ್ಕೆ ಅಲ್ಯುಮಿನಿಯಂ ಕಾರಣವಾಗಿರಬಹುದೆಂಬ ಊಹೆಯನ್ನೂ ಅವರ ಸಂಶೋಧನೆಗಳು ಮುಂದಿಟ್ಟವು.

ರೋಗದ ತಾರತಮ್ಯಕ್ಕೆ ಅನುಗುಣವಾಗಿ ವಿಕಾರದ ತಾರತಮ್ಯವನ್ನು ತೋರಿಸಿದುದು ಈ ಪ್ರಬಂಧದ ಗುಣ. ಆದರೆ ಮೃತರ ಮೆದುಳು ರೋಗದ ಕೊನೆಯನ್ನು ತೋರಿಸುವುದಲ್ಲದೆ ಮೊದಲನ್ನು ತೋರಿಸಲಾರದು. ವಿಕಾರದಿಂದ ರೋಗವೋ, ರೋಗದಿಂದ ವಿಕಾರವೋ ಎಂಬ ಸಂದೇಹವು ಉಳಿದೇ ಇರುವುದು. ಲೋಹದ ವಿಷಯವೂ ಹೀಗೆಯೇ: ಕೆಟ್ಟ ಮೆದುಳು ಅದನ್ನು ತಡೆಯಲಾರದೆ ಸಂಗ್ರಹಿಸಿಕೊಂಡಿರಬಹುದು. ಕುಂಬಾರನ ಕತ್ತೆಯು ಗಡಿಗೆ ಹುಟ್ಟುವ ಮುನ್ನ ಅಂಗಳದಲ್ಲಿದ್ದರೂ ಗಡಿಗೆಗೆ ಕಾರಣವೆನಿಸದೆಂದು ನೈಯಾಯಿಕರು ಹೇಳುವರು. ಸಹಚಾರವು ಕಾರಣತ್ವವಲ್ಲ.

ಅಲ್ಯುಮಿನಿಯಂ ಮೆದುಳಿಗೆ ವಿಷವಾಗಬಲ್ಲುದೆಂಬುದರಲ್ಲಿ ವಿವಾದವಿಲ್ಲ. 1965ರಲ್ಲಿ ಮೊಲಗಳ ಮೇಲೆ ನಡೆದ ಪ್ರಯೋಗವೂ, 1970ರ ದಶಕದಲ್ಲಿ ಡಯಾಲಿಸಿಸ್ ಪಡೆದ ಮೂತ್ರಪಿಂಡದ ರೋಗಿಗಳಲ್ಲಿ ಕಂಡ ಬುದ್ಧಿನಾಶವೂ ಇದಕ್ಕೆ ಸಾಕ್ಷಿ. ಆದರೆ ಮೊದಲನೆಯದರಲ್ಲಿ ಲೋಹವನ್ನು ಚುಚ್ಚಿ ಸೇರಿಸಿದ್ದರು; ಎರಡನೆಯದರಲ್ಲಿ ಅದು ನೇರವಾಗಿ ರಕ್ತಕ್ಕೆ ಹೊಕ್ಕಿತ್ತು. ಊಟದ ಮೂಲಕ ಬಂದುದರಲ್ಲಿ ನೂರರಲ್ಲೊಂದು ಪಾಲಿಗಿಂತ ಕಡಿಮೆ ಮಾತ್ರ ದೇಹಗತವಾಗುವುದು. ಸ್ವಸ್ಥ ಮೂತ್ರಪಿಂಡವು ಅದರ ಬಹುಭಾಗವನ್ನು ಹೊರಹಾಕುವುದು. 2011ರಲ್ಲಿ ಅಂತಾರಾಷ್ಟ್ರೀಯ ತಜ್ಞಸಮಿತಿಯು ವಾರಕ್ಕೆ ದೇಹದ ತೂಕದ ಕಿಲೋಗ್ರಾಮಿಗೆ 2 ಮಿಲಿಗ್ರಾಮುಗಳ ಮಿತಿಯನ್ನು ವಿಧಿಸಿತು. ಪಾತ್ರೆಯಿಂದ ಅಲ್ಜೈಮರ್ ರೋಗವು ಬರುವುದೆಂಬ ನಿರ್ಣಯಕ್ಕೆ ಇಂದಿಗೂ ಸಾಕಾದ ಪ್ರಮಾಣವಿಲ್ಲ.

ಹಾಗಾದರೆ ಆಹಾರದ ವಿಷಯದಲ್ಲಿ ಕಾರಣವನ್ನು ನಿಶ್ಚಯಿಸುವ ಬಗೆ ಯಾವುದು? ಇದಕ್ಕೆ ಅಮೆರಿಕದ ಷಿಕಾಗೋ ನಗರದ ನಿದರ್ಶನವು ಸಾಕು. ಅಲ್ಲಿ ಮಾರ್ಥಾ ಕ್ಲೇರ್ ಮಾರಿಸ್ ಎಂಬ ವಿದುಷಿಯು ಸೊಪ್ಪು, ಕಾಳು, ಬೀಜ, ಇಡಿಧಾನ್ಯಗಳನ್ನು ಹೆಚ್ಚಾಗಿ ಉಣ್ಣುವ ಪಥ್ಯವೊಂದನ್ನು ರೂಪಿಸಿ, 923 ವೃದ್ಧರ ವೃತ್ತಾಂತವನ್ನು 2015ರಲ್ಲಿ ಪ್ರಕಟಿಸಿದರು. ಪಥ್ಯಕ್ಕೆ ಅತಿ ಸಮೀಪವಾಗಿ ಉಂಡವರಲ್ಲಿ ರೋಗದ ಸಂಭವವು ನೂರಕ್ಕೆ 53ರಷ್ಟು ಕಡಿಮೆಯಾಗಿ ಕಂಡಿತು. ಇದು ಅನ್ವಯ. ಬಳಿಕ 604 ಮಂದಿಯನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಆ ಪಥ್ಯವನ್ನೂ ಮತ್ತೊಂದಕ್ಕೆ ರೂಢಿಯ ಊಟವನ್ನೂ ನಿಯಮಿಸಿ, ಇಬ್ಬರಿಗೂ ಮಿತಭೋಜನವನ್ನು ಬೋಧಿಸಿ, ಮೂರು ವರ್ಷ ಪರೀಕ್ಷಿಸಿದರು. 2023ರಲ್ಲಿ ಪ್ರಕಟವಾದ ಫಲದಲ್ಲಿ ಎರಡೂ ಪಂಗಡಗಳ ಬುದ್ಧಿಶಕ್ತಿಗೆ ಗಣನೀಯವಾದ ಅಂತರವಿರಲಿಲ್ಲ. ಇದು ವ್ಯತಿರೇಕದ ಪರೀಕ್ಷೆ. ಮೂರು ವರ್ಷವು ಅಲ್ಪಕಾಲವೆಂಬ ಸಮಾಧಾನವುಂಟು. ಆದರೂ ಅನ್ವಯಮಾತ್ರದಿಂದ ಮೂಡಿದ ಭರವಸೆಯು ಇಲ್ಲಿ ಕುಗ್ಗಿತೆಂಬುದನ್ನು ಒಪ್ಪಬೇಕು.

ಇಂತಿರಲು ಗೋಕಾಕ ಸೀಮೆಯ ಗೃಹಸ್ಥರು ಗ್ರಹಿಸತಕ್ಕುದೇನು? ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಹೆಸರುಕಾಳು, ಅಗಸಿ ಹಾಗೂ ಶೇಂಗಾ ಚಟ್ನಿಗಳು ಆ ಪಥ್ಯದ ಬಗೆಗೆ ದೂರವಾದುವಲ್ಲ. ದೇಹಕ್ಕೆ ಹಿತವಾದುವೆಂದೇ ಅವುಗಳನ್ನು ಉಣ್ಣಬಹುದು, ಮರೆವಿನ ಮದ್ದೆಂದಲ್ಲ. ಹುಳಿಯನ್ನು ಮಣ್ಣಿನ ಗಡಿಗೆಯಲ್ಲಿ ಇಲ್ಲವೆ ಸ್ಟೀಲ್ ಪಾತ್ರೆಯಲ್ಲಿ ಬೇಯಿಸುವುದು ವಿವೇಕವೇ ಸರಿ. ಆದರೆ 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗವು ಎಣಿಸಿದ, ಮನುಷ್ಯಪ್ರಯತ್ನಕ್ಕೆ ಒಳಪಡುವ 14 ಅಪಾಯಗಳಲ್ಲಿ ರಕ್ತದ ಒತ್ತಡ, ಸಿಹಿಮೂತ್ರ, ಕಿವುಡುತನ, ಏಕಾಕಿತನಗಳಿವೆ, ಅಡಿಗೆಯ ಪಾತ್ರೆಯಿಲ್ಲ.

ಅರವತ್ತಕ್ಕೆ ಅರಳುಮರಳೆಂಬ ಗಾದೆಯಿಂದ ರೋಗವನ್ನು ಮರೆಮಾಡುವುದೂ, ಪಾತ್ರೆಯ ಮೇಲೆ ಅದನ್ನು ಹೊರಿಸುವುದೂ ಸಮಾನವಾಗಿ ಅಪರೀಕ್ಷಿತ ನಿರ್ಣಯಗಳು. ಮೈಸೂರಿನ ಪ್ರಬಂಧವು ಪ್ರಶ್ನೆಯನ್ನು ಸೂಕ್ಷ್ಮವಾಗಿ ಎತ್ತಿದುದಕ್ಕಾಗಿ ಆದರಣೀಯವಾದುದು. ಅದನ್ನೇ ಉತ್ತರವೆಂದು ಓದುವವರು ಆ ವಿದ್ವಾಂಸರಿಗೂ ಮನೆಯ ವೃದ್ಧರಿಗೂ ಉಪಕಾರ ಮಾಡಿದಂತಾಗದು.